ನಲವತ್ತರ ಎಣಿಕೆ

ದ್ವೀಪದ ಕೇಂದ್ರ
ಫೆಬ್ರವರಿ 12

ನಾಯಿಮೂಗಿಗೆ,

ನಾಳೆ ಮಧ್ಯಾಹ್ನ ದೋಣಿ ಬರುತ್ತದೆ. ಅದು ಇಲ್ಲಿ ನಿಲ್ಲುವುದು ಎರಡೇ ಗಂಟೆ. ಆ ಗಡಿಬಿಡಿಯಲ್ಲಿ ಕಾಗದ ಬರೆಯಲು ಕೂತರೆ ದೋಣಿಯವನು ತಲೆಯ ಮೇಲೆ ನಿಂತು ಗಡಿಯಾರ ತೋರಿಸುತ್ತಾನೆ. ಅದಕ್ಕೇ ಇವತ್ತೇ ಬರೆದಿಡುತ್ತಿದ್ದೇನೆ.

ಈ ಬಂಡೆಗೆ ಬಂದು ಎರಡು ತಿಂಗಳಾಯಿತು. ಒಂದು ಕೋಣೆ, ಒಂದು ಮಂಚ, ಒಂದು ಮೇಜು, ಬೆಳಿಗ್ಗೆ ಹವಾಮಾನದ ನಾಲ್ಕು ಅಂಕಿ ಹೇಳಿ ಆರಿಸಿಬಿಡಬೇಕಾದ ಒಂದು ವಯರ್‌ಲೆಸ್ಸು. ನನ್ನ ಮೇಲೆ ಅಧಿಕಾರಿ ಇಲ್ಲ, ಕೆಳಗೆ ಆಳಿಲ್ಲ. ಐವತ್ತೆರಡನೇ ವಯಸ್ಸಿಗೆ ಅಂತೂ ನನಗೆ ಹೊಂದುವ ಕೆಲಸ ಸಿಕ್ಕಿದೆ. ಕೊಡಿಸಿದವಳು ನೀನು ಎಂಬುದನ್ನು ಮರೆತಿಲ್ಲ, ಮರೆಯಲು ನೀನು ಬಿಡುವುದೂ ಇಲ್ಲ.

ಎಲ್ಲ ನೀನು ಹೇಳಿಕೊಟ್ಟ ಹಾಗೆಯೇ ನಡೆದಿದೆ. ವಾರಕ್ಕೆ ಮೂರು ಸಲ ಬಂಡೆಯ ತುದಿಗೆ ಹೋಗಿ, ಗಾಳಿಗೆ ಮುಖ ಕೊಟ್ಟು ನಿಂತು, ಎದೆ ತುಂಬ ಉಸಿರು ಎಳೆದು ಬಿಗಿಹಿಡಿದು, ನೀವು ಕಳಿಸುವ ಉಕ್ಕಿನ ಬುರುಡೆಯ ತಿರುಪು ಬಿಚ್ಚುತ್ತೇನೆ. ಒಳಗಿನದೆಲ್ಲ ನೀವು ಮೊದಲೇ ಹೀರಿ ತೆಗೆದಿರುವುದರಿಂದ ಅದು ಸುಯ್ ಎಂದು ಗಾಳಿ ಎಳೆದುಕೊಳ್ಳುತ್ತದೆ. ನಲವತ್ತು ಎಣಿಸಿ, ತಿರುಪು ಮುಚ್ಚಿ, ಹತ್ತು ಹೆಜ್ಜೆ ಹಿಂದೆ ಬಂದ ಮೇಲೆಯೇ ಉಸಿರು. ಆಮೇಲೆ ಬಕೆಟ್ಟಿನಲ್ಲಿ ಸಮುದ್ರದ ನೀರೆತ್ತಿ ಶೀಶೆಗೆ ತುಂಬುತ್ತೇನೆ. ಯಾವ ಆವಿ ಗಾಳಿಯಲ್ಲಿ ಎಷ್ಟಿದೆ, ನೀರಿನಲ್ಲಿ ಎಷ್ಟಿದೆ ಎಂದು ನೀನು ನೋಡಿದರೆ ಸಮುದ್ರ ಕೊಡುತ್ತಿದೆಯೋ ತೆಗೆದುಕೊಳ್ಳುತ್ತಿದೆಯೋ ಗೊತ್ತಾಗುತ್ತದೆ ಎಂದಿದ್ದೆಯಲ್ಲ. ಅಕ್ಕಪಕ್ಕದ ಮನೆಯವರ ಕೊಡುಕೊಳ್ಳುವಿಕೆಯಲ್ಲಿ ಮೂಗು ತೂರಿಸುವ ಕೆಲಸ. ನಿನಗೆ ಹೇಳಿ ಮಾಡಿಸಿದ ಹಾಗಿದೆ.

ಆ ಉಕ್ಕಿನ ಉಂಡೆಗಳಿಗೆ ಬುರುಡೆ ಎಂದು ಹೆಸರಿಟ್ಟ ಪುಣ್ಯಾತ್ಮ ಯಾರು? ಹದಿನೈದು ದಿನಕ್ಕೆ ಆರು ಬುರುಡೆ ಬಿಡುತ್ತೇನೆ, ಅದಕ್ಕೆ ಸಂಬಳವೂ ಬರುತ್ತದೆ. ಅಪ್ಪ ಇದ್ದಿದ್ದರೆ ನಂಬುತ್ತಿರಲಿಲ್ಲ.

ಒಂದು ವಿಷಯ. ಮುಂದಿನ ದೋಣಿಗೆ ಕುಡಿಯುವ ನೀರಿನ ಡ್ರಮ್ಮು ಇನ್ನೆರಡು ಹೆಚ್ಚು ಕಳಿಸು. ಇಲ್ಲಿನ ಬಿಸಿಲಿಗೆ ಸಾಲುತ್ತಿಲ್ಲ.

ಅಣ್ಣ


ಪ್ರಯೋಗಾಲಯ
ಫೆಬ್ರವರಿ 26

ಅಣ್ಣಾ,

ನೀನು ಡ್ರಮ್ಮು ಎರಡು ಕೇಳಿದ್ದೆ, ನಾನು ಒಂದು ಕಳಿಸಿದ್ದೇನೆ. ಉಗ್ರಾಣದವರು ನನ್ನ ಚೀಟಿ ನೋಡಿ, “ಅಲ್ಲಿ ಎಷ್ಟು ಜನ ಇದಾರೆ ಮೇಡಂ?” ಎಂದು ಕೇಳಿದರು. ನಾನು ನಕ್ಕೆ. ಅವರು ನಗಲಿಲ್ಲ. ನಿನಗಿಂತ ಮುಂಚೆ ಅಲ್ಲಿದ್ದವರು ಮೂರು ವರ್ಷ ಕಳೆದರೂ ಒಂದು ಡ್ರಮ್ಮು ಹೆಚ್ಚು ಕೇಳಿರಲಿಲ್ಲವಂತೆ.

ಈಗ ನಿನ್ನ ಬುರುಡೆಗಳ ಮಾತು. ಮೊದಲ ಹನ್ನೆರಡು ಕನ್ನಡಿಯಷ್ಟು ಸ್ವಚ್ಛ. ಆಮೇಲಿನವುಗಳಲ್ಲಿ ಅಸಿಟೋನ್ ಏರುತ್ತ ಬಂದಿದೆ. ಉಗುರುಬಣ್ಣ ಒರೆಸುವ ದ್ರವ, ಬಣ್ಣಕ್ಕೆ ಬೆರೆಸುವ ಥಿನ್ನರು, ಅವುಗಳಲ್ಲಿರುವುದೇ ಇದು. ಸಮುದ್ರದ ಮೇಲಿನ ಗಾಳಿಯಲ್ಲಿ ನೂರು ಕೋಟಿಗೆ ಅರ್ಧ ಪಾಲು ಇದ್ದರೆ ಹೆಚ್ಚು. ನಿನ್ನ ಹೋದ ಸಲದ್ದರಲ್ಲಿ ನಾಲ್ಕು ಪಾಲು ಇದೆ. ಶೀಶೆಯ ನೀರು ಮಾತ್ರ ಮುಂಚಿನ ಹಾಗೆಯೇ ಇದೆ. ಅಷ್ಟನ್ನೂ ನಿನ್ನ ಸಮುದ್ರ ಗಟಗಟ ಕುಡಿಯುತ್ತಿದೆ ಎಂದು ಅರ್ಥ ಮಾಡಬೇಕು, ಇಲ್ಲ ಎಲ್ಲೋ ಎಡವಟ್ಟಾಗಿದೆ.

ನಮ್ಮ ರಿಜಿಸ್ಟರಿನಲ್ಲಿ ಷರಾ ಎಂದು ಒಂದು ಕಾಲಂ ಇದೆ. ತುಂಬುವಾಗ ಉಸಿರು ತಾಗಿ ಕೆಟ್ಟ ಬುರುಡೆಗೆ ಅಲ್ಲಿ ಕೆಂಪು ಶಾಯಿಯಲ್ಲಿ ‘ಉಸಿರಿದೆ’ ಎಂದು ಬರೆದು ತಳ್ಳಿಹಾಕುತ್ತೇವೆ. ನಿನ್ನವಕ್ಕೂ ಹಾಗೆ ಬರೆಯೋಣ ಎಂದು ನೋಡಿದೆ. ಆದರೆ ಉಸಿರು ತಾಗಿದ್ದರೆ ಇಂಗಾಲದ ಡೈಆಕ್ಸೈಡೂ ಜತೆಗೇ ಎದ್ದುಕಾಣಬೇಕು. ಅದು ಏರಿಲ್ಲ. ಆದ್ದರಿಂದ ಉಸಿರಲ್ಲ.

ಹತ್ತಿರದಲ್ಲಿ ಏನಾದರೂ ಒರೆಸುತ್ತಿದ್ದೀಯಾ, ಬಳಿಯುತ್ತಿದ್ದೀಯಾ? ಇನ್ನೊಂದು, ಬುರುಡೆಗಳು ಪೂರ್ತಿ ತುಂಬಿಲ್ಲ. ನಲವತ್ತು ಎಣಿಸುತ್ತಿದ್ದೀಯಾ?

ಇಲ್ಲಿ ಎಲ್ಲ ಎಂದಿನಂತೆ. ನನ್ನ ಮೈದುನನ ಕೆಲಸ ಮತ್ತೆ ಹೋಗಿದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಪತ್ರಿಕೆಯ ‘ಬೇಕಾಗಿದ್ದಾರೆ’ ಓದುತ್ತ ನಡುಮನೆಯಲ್ಲಿ ಬಿದ್ದಿರುತ್ತಾನೆ.

ನಿನ್ನ ತಂಗಿ


ದ್ವೀಪದ ಕೇಂದ್ರ
ಫೆಬ್ರವರಿ 28

ನಾಯಿಮೂಗಿಗೆ,

ದೋಣಿ ನಿಂತಿದೆ, ಚುಟುಕಾಗಿ ಬರೆಯುತ್ತೇನೆ.

ನಲವತ್ತು ಎಣಿಸುತ್ತೇನೆ. ಒಂದೂ ಬಿಡುವುದಿಲ್ಲ. ಯಾರ ಮೇಲೆ ಬೇಕಾದರೂ ಆಣೆ ಇಡುತ್ತೇನೆ.

ಏನೂ ಬಳಿಯುತ್ತಿಲ್ಲ. ಉಗುರಿಗೆ ಬಣ್ಣ ಹಚ್ಚುವ ವಯಸ್ಸೂ ಅಲ್ಲ. ಕಿಟಕಿಗೆ ಬಳಿದ ಬಣ್ಣ ನಾನು ಬರುವ ಮುಂಚಿನದು, ಒಣಗಿ ಚಕ್ಕೆ ಏಳುತ್ತಿದೆ. ಇಲ್ಲಿ ಹೊಸದಾಗಿ ಬಂದದ್ದೆಂದರೆ ಇರುವೆ. ಕೋಣೆಯ ಹಿಂದಿನ ಬಂಡೆಗೆ ಸಾಲುಗಟ್ಟಿ ಮುತ್ತುತ್ತಿವೆ. ಸಕ್ಕರೆ ಡಬ್ಬಿ ಒಳಗೆ ಬಿಗಿಯಾಗಿ ಮುಚ್ಚಿದೆ. ಈ ಉಪ್ಪು ಬಂಡೆಯಲ್ಲಿ ಅವಕ್ಕೆ ಏನು ಸಿಕ್ಕಿತೋ ಕಾಣೆ.

ನಾನೂ ಒಂದು ಕೇಳುತ್ತೇನೆ. ಈ ಪ್ರಶ್ನೆಗಳನ್ನೆಲ್ಲ ಕೇಳುತ್ತಿರುವುದು ನೀನೋ, ನಿಮ್ಮ ದೊಡ್ಡವರು ಆ ನಿರ್ದೇಶಕರೋ? ನಿನ್ನ ಅಕ್ಷರದಲ್ಲಿ ಅವರ ದನಿ ಕೇಳಿದ ಹಾಗಾಯಿತು.

ಸೊಂಟದ ಪಟ್ಟಿ ಒಂದು ಕಳಿಸು. ಇದಕ್ಕೆ ಮೊಳೆಯಲ್ಲಿ ಮೂರು ತೂತು ಹೊಡೆದೆ, ಇನ್ನು ಜಾಗವಿಲ್ಲ. ನೀರಿನ ಡ್ರಮ್ಮೂ ಬೇಕು.

ಅಣ್ಣ


ಪ್ರಯೋಗಾಲಯ
ಮಾರ್ಚ್ 13

ಅಣ್ಣಾ,

ಒಂಬತ್ತು. ಈ ಸಲ ಒಂಬತ್ತು ಪಾಲು.

ದೊಡ್ಡವರು ಮೊದಲು ಕುಣಿದಾಡಿದರು. ಇಷ್ಟೊಂದು ಅಸಿಟೋನ್ ಕುಡಿಯುವ ಸಮುದ್ರವನ್ನು ಯಾರೂ ಕಂಡಿಲ್ಲ, ದೊಡ್ಡ ಲೇಖನವಾಗುತ್ತದೆ ಎಂದರು. ಎರಡು ದಿನ ಬಿಟ್ಟು ಕರೆದು, “ಅಲ್ಲಿರೋದು ನಿಮ್ಮಣ್ಣ ಅಲ್ವಾ? ಅವರು ಮುಂಚೆ ಎಲ್ಲಿ ಕೆಲಸಕ್ಕಿದ್ರು?” ಎಂದು ಕೇಳಿದರು. ನಾನು ಬಣ್ಣದ ಉಗ್ರಾಣ ಎಂದೆ. ಬೇರೇನೂ ಹೇಳಲಿಲ್ಲ.

ಹೇಳದಿದ್ದದ್ದು ನಿನಗೂ ಗೊತ್ತು, ನನಗೂ ಗೊತ್ತು. ನೀನು ಆ ಉಗ್ರಾಣದ ಥಿನ್ನರನ್ನು ಡಬ್ಬಿಯಲ್ಲಿ ಮನೆಗೆ ತಂದು ಊರವರ ದೋಣಿಗಳಿಗೆ ಬಣ್ಣ ಬಳಿದುಕೊಡುತ್ತಿದ್ದೆ. ಅವರು ನಿನ್ನನ್ನು ಹೊರಗೆ ಹಾಕಿದಾಗ, ಕೆಲಸ ನಾನೇ ಬಿಟ್ಟೆ ಎಂದು ನೀನು ಅಮ್ಮನ ಮುಂದೆ ಹೇಳಿದೆ. ಆಗ ನಾನು ಉಸಿರೆತ್ತಲಿಲ್ಲ. ಈಗಲೂ ಎತ್ತಿಲ್ಲ. ಆದರೆ ಅಲ್ಲಿಗೆ ಬಂದು ಹೋಗುವ ಮೀನುದೋಣಿಯವರು ಯಾರಾದರೂ ನಿನ್ನ ಕೈಗೆ ಕುಂಚ ಕೊಟ್ಟಿದ್ದರೆ ನನಗೆ ಮಾತ್ರ ಹೇಳು.

ಇನ್ನೂ ಇದೆ. ದೋಣಿಯವನು ಮೊನ್ನೆ ಬುರುಡೆ ಇಳಿಸುವಾಗ ತಾನಾಗಿಯೇ ಹೇಳಿದ: “ಮೇಡಂ, ನಿಮ್ಮಣ್ಣ ಬಾಯಿ ಬಿಟ್ರೆ ಕಳಿತ ಹಣ್ಣಿನ ವಾಸ್ನೆ. ಒಳಗೆ ಏನೋ ಕಾಯಿಸ್ತಿರ್ಬೇಕು.” ಅಷ್ಟು ನೀರು, ಬಂಡೆಗೆ ಮುತ್ತುವ ಇರುವೆ, ಈಗ ಹಣ್ಣಿನ ವಾಸನೆ. ಬೆಲ್ಲ ಕೊಳೆಹಾಕಿ ಹೆಂಡ ಇಳಿಸುತ್ತಿದ್ದೀಯಾ ಎಂದು ಕೇಳದೆ ಬೇರೆ ದಾರಿ ಇಲ್ಲ. ನಿನ್ನ ಅಕ್ಷರ ನೋಡು. ಫೆಬ್ರವರಿಯ ಮೊದಲ ಕಾಗದದಲ್ಲಿ ಸಾಸಿವೆಯಷ್ಟಿತ್ತು. ಹೋದ ಕಾಗದದಲ್ಲಿ ಒಂದು ಸಾಲಿಗೆ ಮೂರೇ ಪದ ಹಿಡಿದಿವೆ, ಗೆರೆ ಬಿಟ್ಟು ಹೋಗಿವೆ. ಇದು ನೆಟ್ಟಗಿರುವ ಕೈ ಬರೆದ ಅಕ್ಷರವಲ್ಲ.

ಪಟ್ಟಿ ಕಳಿಸಿದ್ದೇನೆ. ಡ್ರಮ್ಮು ಕಳಿಸಿಲ್ಲ.

ನಿನ್ನ ತಂಗಿ


ದ್ವೀಪದ ಕೇಂದ್ರ
ಮಾರ್ಚ್ 15

ತಂಗಿಗೆ,

ದೋಣಿಯವನು ತಾನಾಗಿಯೇ ಹೇಳಿದನೋ, ನೀನು ಹೇಳಿಸಿದೆಯೋ? ಇವತ್ತು ಸಾಮಾನು ಇಳಿಸುವ ನೆಪದಲ್ಲಿ ಮಂಚದ ಕೆಳಗೆ ಬಗ್ಗಿ ನೋಡಿದ. ಒಲೆಯ ಹಿಂದೆ ನೋಡಿದ. “ಏನಯ್ಯಾ ಹುಡುಕ್ತಿದೀಯಾ?” ಅಂದರೆ, “ಬೆಕ್ಕು ಹೊಕ್ಕಂಗಾಯ್ತು ಸಾರ್” ಅಂತಾನೆ. ಈ ಬಂಡೆಗೆ ಬೆಕ್ಕು ಈಜಿಕೊಂಡು ಬರಬೇಕು. ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ, ಯಾರೋ ಅಭ್ಯಾಸವಿಲ್ಲದವನ ಕೈಗೆ ಕೆಲಸ ಕೊಟ್ಟಿದ್ದಾರೆ.

ಕುಂಚ ಮುಟ್ಟಿಲ್ಲ. ಹೆಂಡ ಮುಟ್ಟಿಲ್ಲ. ಸಕ್ಕರೆ ಸಹ ಮುಟ್ಟುವುದು ಬಿಟ್ಟಿದ್ದೇನೆ, ಯಾಕೆಂದು ಕೇಳಬೇಡ. ಅಕ್ಷರ ದೊಡ್ಡದಾದರೆ ಅದೂ ತಪ್ಪೇ? ಬಿಸಿಲು ನೀರಿನ ಮೇಲೆ ಹೊಳೆದು ಕಣ್ಣು ಮಂಜಾಗುತ್ತದೆ, ಅಷ್ಟೇ.

ಹಳೆಯದನ್ನು ಕೆದಕಿದೆಯಲ್ಲ, ಸಂತೋಷ. ಥಿನ್ನರು ತಂದಿದ್ದೆ, ಹೌದು. ಇಪ್ಪತ್ತು ವರ್ಷದ ಹಿಂದಿನ ಒಂದು ಡಬ್ಬಿ ಇನ್ನೂ ನಿನ್ನ ಮೂಗಿನ ಮುಂದೆ ಹಾಗೆಯೇ ಇದೆ. ಅಪ್ಪ ಮಲಗಿದಲ್ಲೇ ಆದಾಗ ಒಂದೂವರೆ ವರ್ಷ ಅವರನ್ನು ಎತ್ತಿ ಇಳಿಸಿದವನು ಯಾರು ಎಂಬುದು ಮಾತ್ರ ನಿನಗೆ ಮರೆತುಹೋಗಿದೆ. ನೀನು ಆಗ ಪರೀಕ್ಷೆ ಬರೆಯುತ್ತಿದ್ದೆ.

ನನಗೂ ಎರಡು ಕಣ್ಣಿವೆ. ಮೈದುನನಿಗೆ ಕೆಲಸವಿಲ್ಲ ಎಂದು ಹೋದ ತಿಂಗಳು ಬರೆದೆ. ಅದರ ಬೆನ್ನಿಗೇ ನಾಲ್ಕು, ಒಂಬತ್ತು ಎಂದು ಅಂಕಿ ಏರಿಸುತ್ತ ಹೋಗುತ್ತಿದ್ದೀಯ. ಯಂತ್ರ ನಿನ್ನ ಕೈಯಲ್ಲಿದೆ. ಅದು ಏನು ಹೇಳಿತೋ ನಾನು ಬಂದು ನೋಡಲಾರೆ. ಈ ಕುರ್ಚಿ ಅವನಿಗೆ ಬೇಕಿದ್ದರೆ ನೇರವಾಗಿ ಕೇಳು, ಎದ್ದು ಕೊಡುತ್ತೇನೆ. ನನ್ನ ಕಣ್ಣಿಗೆ ಮಣ್ಣೆರಚಬೇಡ.

ಅಣ್ಣ


ಪ್ರಯೋಗಾಲಯ
ಮಾರ್ಚ್ 28

ದ್ವೀಪ ಕೇಂದ್ರದ ವೀಕ್ಷಕರಿಗೆ,

ತಾವು ಕಳಿಸಿದ ಮೂವತ್ತೊಂದರಿಂದ ಮೂವತ್ತಾರರವರೆಗಿನ ಬುರುಡೆಗಳಲ್ಲಿ ಅಸಿಟೋನ್ ನೂರು ಕೋಟಿಗೆ ಹದಿನಾಲ್ಕು ಪಾಲಿನವರೆಗೆ ಇದೆ. ಥಿನ್ನರಿನಲ್ಲಿ ಸಾಮಾನ್ಯವಾಗಿ ಬೆರೆತಿರುವ ಬೇರೆ ದ್ರಾವಕಗಳ ಸುಳಿವು ಇಲ್ಲ. ಮದ್ಯಸಾರವೂ ಇಲ್ಲ. ಶುದ್ಧ ಅಸಿಟೋನನ್ನು ಯಾರೋ ಬೇಕೆಂದೇ ಬೆರೆಸುತ್ತಿದ್ದಾರೆ ಎಂದು ನಿರ್ದೇಶಕರು ಅಭಿಪ್ರಾಯಪಟ್ಟಿದ್ದಾರೆ. ಏಪ್ರಿಲ್ 14ರ ದೋಣಿಯಲ್ಲಿ ತನಿಖೆಗೆ ಇಬ್ಬರು ಬರುತ್ತಾರೆ. ಅಲ್ಲಿಯವರೆಗೆ ಗಾಳಿ ತುಂಬುವುದನ್ನು ನಿಲ್ಲಿಸತಕ್ಕದ್ದು. ಈ ದೋಣಿಯಲ್ಲಿ ಬಂದಿರುವ ಆರು ಖಾಲಿ ಬುರುಡೆಗಳನ್ನು ತೆರೆಯದೆ ಹಿಂದಿರುಗಿಸತಕ್ಕದ್ದು.

ಹಿರಿಯ ವಿಶ್ಲೇಷಕಿ

ಮೇಲಿನದು ಆಫೀಸಿನದು. ಇದು ನನ್ನದು. ಮೈದುನನ ಹೆಸರು ತೆಗೆದೆಯಲ್ಲ, ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಅಂಕಿ ತಿರುಚುವವಳು ಎಂದು ನನ್ನನ್ನು ಅಂದೆ. ಈ ಮಾತನ್ನು ಹೊರಗಿನವರು ಅಂದಿದ್ದರೆ ಜಗಳವಾಡುತ್ತಿದ್ದೆ. ನಿನ್ನ ಹತ್ತಿರ ಹೇಗೆ ಆಡಲಿ? ನೀನು ಏನೋ ಮುಚ್ಚಿಡುತ್ತಿದ್ದೀಯ, ಅದು ನನಗೆ ಗೊತ್ತಾಗುತ್ತಿದೆ. ಏನೆಂದು ಗೊತ್ತಾಗುತ್ತಿಲ್ಲ. ಬರುವ ಇಬ್ಬರಿಗಿಂತ ಮುಂಚೆ ನನಗೆ ಹೇಳಿಬಿಡು.


ದ್ವೀಪದ ಕೇಂದ್ರ
ಮಾರ್ಚ್ 30

ಹಿರಿಯ ವಿಶ್ಲೇಷಕರಿಗೆ,

ತಮ್ಮ ಪತ್ರ ತಲುಪಿತು. ಇಷ್ಟರಲ್ಲಿ ತುಂಬಿದ ಮೂವತ್ತೇಳರಿಂದ ನಲವತ್ತೆರಡು ಪೆಟ್ಟಿಗೆಯಲ್ಲಿವೆ. ಅಳೆಯಿರಿ, ಬಿಡಿ, ಎಸೆಯಿರಿ.

ಖಾಲಿ ಬುರುಡೆ ಆರು ವಾಪಸ್ ಕೇಳಿದ್ದೀರಿ. ಐದು ಖಾಲಿ ಇವೆ. ಆರನೆಯದು ಖಾಲಿಯಲ್ಲ. ಅದಕ್ಕೆ ನಲವತ್ತಮೂರು ಎಂದು ಚೀಟಿ ಅಂಟಿಸಿದ್ದೇನೆ. ಅದರೊಳಗೆ ನಾನು ಬಾಯಿ ಇಟ್ಟು ಊದಿದ್ದೇನೆ. ಸಮುದ್ರದ ಗಾಳಿಯಲ್ಲ, ಶುದ್ಧ ನನ್ನ ಉಸಿರು. ಯಂತ್ರಕ್ಕೆ ಹಾಕಿ ನೋಡಿ. ಹೆಂಡ ಇದೆಯೋ, ಥಿನ್ನರು ಇದೆಯೋ, ಬೆಲ್ಲ ಇದೆಯೋ, ಏನು ಕಾಯಿಸಿದ್ದೇನೋ ಎಲ್ಲ ತಿಳಿಯುತ್ತದೆ. ಮಂಚದ ಕೆಳಗೆ ಹುಡುಕುವುದಕ್ಕಿಂತ ಇದು ಸುಲಭ.

ಏನೂ ಸಿಗದಿದ್ದರೆ ಅದನ್ನು ದೊಡ್ಡವರ ಮುಂದೆ ಓದಿ ಹೇಳಬೇಕು. ಆಮೇಲೆ ನಾನು ಬಂಡೆ ಇಳಿದು ಬರುತ್ತೇನೆ. ಬರುವಾಗ ನನ್ನ ಹೆಸರಿಗೆ ಅಂಟಿದ್ದನ್ನು ತೊಳೆದುಕೊಂಡೇ ಬರಬೇಕು ಎಂಬುದು ಒಂದೇ ಆಸೆ.

ಹೆಚ್ಚು ಬರೆಯಲು ಆಗುತ್ತಿಲ್ಲ. ಕೈ ನಡುಗುವುದು ಸಿಟ್ಟಿಗೆ. ಬೇರೆ ಅರ್ಥ ಮಾಡಬೇಡಿ.

ವೀಕ್ಷಕ


ಪ್ರಯೋಗಾಲಯ
ಮಾರ್ಚ್ 31, ಮಧ್ಯಾಹ್ನ

ಅಣ್ಣಾ,

ಕರಾವಳಿ ಕಾವಲಿನ ದೋಣಿ ಇನ್ನರ್ಧ ಗಂಟೆಯಲ್ಲಿ ಹೊರಡುತ್ತದೆ. ಅದರಲ್ಲಿ ವೈದ್ಯರು ಬರುತ್ತಿದ್ದಾರೆ, ನನಗೆ ಜಾಗವಿಲ್ಲ ಎಂದರು. ಈ ಕಾಗದ ಅವರ ಕೈಯಲ್ಲಿ ಕಳಿಸುತ್ತಿದ್ದೇನೆ. ಅವರು ಹೇಳಿದ ಹಾಗೆ ಕೇಳು. ಎದುರು ಮಾತಾಡಬೇಡ.

ಬೆಳಿಗ್ಗೆ ನಿನ್ನ ನಲವತ್ತಮೂರನ್ನು ಯಂತ್ರಕ್ಕೆ ಹಾಕಿದೆ. ಮೊದಲ ಗೆರೆಯೇ ಕಾಗದದ ಮೇಲಂಚು ದಾಟಿ ಹೋಯಿತು. ಯಂತ್ರ ಕೆಟ್ಟಿತು ಎಂದುಕೊಂಡು ಸಾವಿರ ಪಟ್ಟು ತೆಳುವಾಗಿಸಿ ಮತ್ತೆ ಹಾಕಿದೆ. ಹೆಂಡವಿಲ್ಲ, ಥಿನ್ನರಿಲ್ಲ. ಅಸಿಟೋನ್ ಒಂದೇ. ಆರೋಗ್ಯವಾಗಿರುವವರ ಉಸಿರಿನಲ್ಲಿ ಅದು ಹತ್ತು ಲಕ್ಷಕ್ಕೆ ಒಂದು ಪಾಲೂ ಇರುವುದಿಲ್ಲ. ನಿನ್ನದರಲ್ಲಿ ಇನ್ನೂರ ಎಪ್ಪತ್ತು ಇದೆ. ಮೈಗೆ ಸಕ್ಕರೆ ಹಿಡಿಯದೆ ಕೊಬ್ಬನ್ನೇ ಸುಟ್ಟುಕೊಂಡು ಬದುಕುವಾಗ ಹೀಗಾಗುತ್ತದೆ. ಅಪ್ಪನಿಗೆ ಇದ್ದ ಸಕ್ಕರೆ ಕಾಯಿಲೆ ಅಣ್ಣಾ ಇದು. ಅದೂ ಕೈಮೀರುವ ಹಂತದಲ್ಲಿರುವುದು.

ಉಸಿರಲ್ಲ ಎಂದು ನಾನೇ ತೀರ್ಮಾನ ಕೊಟ್ಟಿದ್ದೆ. ಇಂಗಾಲದ ಡೈಆಕ್ಸೈಡ್ ಏರಿಲ್ಲವಲ್ಲ ಎಂದು. ಅದು ನೆಟ್ಟಗಿರುವ ಮನುಷ್ಯನ ಉಸಿರಿಗೆ ಹಾಕಿದ ಲೆಕ್ಕ. ನಿನ್ನ ಉಸಿರು ಬುರುಡೆಯಲ್ಲಿ ಇಪ್ಪತ್ತು ಸಾವಿರಕ್ಕೆ ಒಂದು ಪಾಲು ಸೇರಿದರೂ ಅಸಿಟೋನ್ ಹದಿನಾಲ್ಕಕ್ಕೆ ಏರುತ್ತದೆ, ಇಂಗಾಲದ ಡೈಆಕ್ಸೈಡಿನಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ. ನೀನು ನೆಟ್ಟಗಿಲ್ಲದಿರಬಹುದು ಎಂಬ ಒಂದು ಯೋಚನೆ ನನಗೆ ಬರಲಿಲ್ಲ. ಸಮುದ್ರವನ್ನು ಅನುಮಾನಿಸಿದೆ, ಬಣ್ಣವನ್ನು ಅನುಮಾನಿಸಿದೆ, ನಿನ್ನ ಗುಣವನ್ನು ಅನುಮಾನಿಸಿದೆ. ನೀನು ನೀರು ಕೇಳಿದೆ, ನಾನು ಕೊಡಲಿಲ್ಲ. ಬಾಯಾರಿದವನಿಗೆ ಡ್ರಮ್ಮು ಕಳಿಸಿಲ್ಲ ಎಂದು ಗತ್ತಿನಲ್ಲಿ ಬರೆದೆ.

ಪರೀಕ್ಷೆ ಮುಗಿಸಿ ಮನೆಗೆ ಬಂದ ದಿನ ಅಪ್ಪನ ಕೋಣೆಯಲ್ಲಿ ಇದೇ ವಾಸನೆ ಇತ್ತು. ಯಾರು ಹಣ್ಣು ತಂದಿದ್ದು ಎಂದು ನಾನು ಕೇಳಿದ್ದೆ. ನೀನು ಮುಖ ತಿರುಗಿಸಿ ಹೊರಗೆ ಹೋದೆ. ಆ ವಾಸನೆ ಏನೆಂದು ನಿನಗೆ ಗೊತ್ತಿತ್ತು, ಅಲ್ಲವಾ?

ದೋಣಿಯವನನ್ನು ಹುಡುಕಲು ಹಚ್ಚಿದವಳು ನಾನೇ. ಅವನು ತಾನಾಗಿ ಹೇಳಲಿಲ್ಲ.

ಇವತ್ತು ಬೆಳಿಗ್ಗೆ ನಿನ್ನ ಹವಾಮಾನದ ಅಂಕಿ ಬರಲಿಲ್ಲವಂತೆ. ಹತ್ತು ಗಂಟೆಯಿಂದ ವಯರ್‌ಲೆಸ್ಸಿನಲ್ಲಿ ಕರೆಯುತ್ತಿದ್ದೇವೆ. ನೀನು ಉತ್ತರ ಕೊಡುತ್ತಿಲ್ಲ. ಸಿಟ್ಟಿಗೆ ಕೊಡುತ್ತಿಲ್ಲ ಎಂದೇ ಅಂದುಕೊಳ್ಳುತ್ತೇನೆ. ಸಿಟ್ಟೇ ಆಗಿರಲಿ. ಎಷ್ಟು ಬೇಕಾದರೂ ಇರಲಿ.

ನಿನ್ನ ತಂಗಿ


ಬಂದರಿನ ಆಸ್ಪತ್ರೆ, ಎರಡನೇ ಮಹಡಿ
ಏಪ್ರಿಲ್ 24

ನಾಯಿಮೂಗಿಗೆ,

ನೀನು ಮೂರು ವಾರ ಇಲ್ಲೇ ಕುರ್ಚಿಯಲ್ಲಿ ಕೂತಿದ್ದೆ. ನಾವಿಬ್ಬರೂ ಬೆಳಗಿನ ತಿಂಡಿ, ದಾದಿಯ ಚಪ್ಪಲಿ ಸದ್ದು, ಪಕ್ಕದ ಮಂಚದವನ ಗೊರಕೆ ಎಲ್ಲ ಮಾತಾಡಿದೆವು. ಮಾತಾಡಬೇಕಾದ್ದೊಂದನ್ನು ಬಿಟ್ಟು. ಮೊನ್ನೆ ನೀನು ಕೆಲಸಕ್ಕೆ ಹೋದ ಮೇಲೆ ನೆಮ್ಮದಿಯಾಯಿತು. ಈಗ ಬರೆಯಬಹುದು.

ಕಾವಲಿನ ದೋಣಿ ಬಂದದ್ದು ನನಗೆ ನೆನಪಿಲ್ಲ. ನೀರಿಗೆಂದು ಎದ್ದವನು ಬಾಗಿಲ ಹತ್ತಿರ ಕೂತುಬಿಟ್ಟಿದ್ದೆ ಅಷ್ಟೇ. ನನ್ನ ಉಸಿರು ಕಮ್ಮಾರನ ತಿದಿಯ ಹಾಗೆ ಹೊರಗಿನವರೆಗೂ ಕೇಳುತ್ತಿತ್ತು ಎಂದು ವೈದ್ಯರು ಆಮೇಲೆ ಹೇಳಿದರು. ನಿನ್ನ ಕಾಗದವನ್ನು ಅವರೇ ನನ್ನ ಅಂಗಿ ಜೇಬಿಗೆ ಹಾಕಿದ್ದರು. ಎಂಟನೇ ದಿನ ಓದಿದೆ. ಎರಡು ಸಲ ಓದಿದೆ.

ಕೇಳಿದ್ದಕ್ಕೆ ಉತ್ತರ: ಹೌದು, ಗೊತ್ತಿತ್ತು. ಕೋಣೆಯ ಹಿಂದಿನ ಆ ಬಂಡೆ ನಾನು ಮೂತ್ರಕ್ಕೆ ಹೋಗುತ್ತಿದ್ದ ಜಾಗ. ಇರುವೆ ಬಂದ ದಿನವೇ ಗೊತ್ತಾಯಿತು. ಅಪ್ಪನಿಗೂ ಹಾಗೇ ಶುರುವಾಗಿದ್ದು. ಅವರ ಕಾಲಿನ ಬೆರಳು ತೆಗೆದಾಗ ಹಿಡಿದುಕೊಂಡು ನಿಂತವನು ನಾನು. ಹೇಳಿದರೆ ತಪಾಸಣೆ ಅನ್ನುತ್ತಾರೆ, ತಪಾಸಣೆಯಾದರೆ ಕೆಳಗಿಳಿಸುತ್ತಾರೆ. ಆ ಡಬ್ಬಿ ಥಿನ್ನರಿನ ನಂತರ ನನ್ನನ್ನು ನಂಬಿ ಯಾರೂ ಒಂದು ಬೀಗದ ಕೈ ಕೊಟ್ಟಿರಲಿಲ್ಲ ಕಣೇ. ಈ ಕೇಂದ್ರದ್ದು ಕೊಟ್ಟಿದ್ದರು. ಸಕ್ಕರೆ ಬಿಟ್ಟರೆ ತಾನಾಗಿ ಹೋಗುತ್ತದೆ ಎಂದುಕೊಂಡೆ. ಹೋಗದಿದ್ದರೂ ಈ ಕೆಲಸದ ಮೊದಲ ಆರು ತಿಂಗಳನ್ನು ಹಲ್ಲು ಕಚ್ಚಿ ಮುಗಿಸಿಬಿಡೋಣ ಎಂದುಕೊಂಡೆ.

ಇನ್ನೊಂದು ನೀನು ಕೇಳಲೇ ಇಲ್ಲ, ಹಾಗಾಗಿ ನಾನೇ ಹೇಳಬೇಕು. ನಲವತ್ತು ಎಣಿಸಿದ್ದು ನಿಜ. ಆಣೆಗೆ ಭಂಗವಿಲ್ಲ. ಎಷ್ಟು ಬೇಗ ಎಣಿಸಿದೆ ಎಂದು ನೀನು ಕೇಳಿರಲಿಲ್ಲ. ಬಂದ ಹೊಸದರಲ್ಲಿ ನಿಧಾನವಾಗಿ ಎಣಿಸುತ್ತಿದ್ದೆ. ಬರಬರುತ್ತ ಗಡಗಡ ಒದರುತ್ತಿದ್ದೆ, ಮಗ್ಗಿ ಒಪ್ಪಿಸುವವರ ಹಾಗೆ. ಆದರೂ ಮೂವತ್ತಕ್ಕೇ ಉಸಿರು ಕಟ್ಟೊಡೆಯುತ್ತಿತ್ತು. ಏದುಸಿರಿನಲ್ಲೇ ಉಳಿದ ಹತ್ತು ಮುಗಿಸಿ ತಿರುಪು ಮುಚ್ಚುತ್ತಿದ್ದೆ. ಬುರುಡೆ ಪೂರ್ತಿ ತುಂಬದಿದ್ದದ್ದು ಅದಕ್ಕೆ. ನಾನು ಸುಳ್ಳು ಹೇಳಲಿಲ್ಲ, ನಿಜವನ್ನು ಅವಸರದಲ್ಲಿ ಹೇಳಿದೆ.

ಮೈದುನನ ಮಾತು ಹೊಟ್ಟೆಗೆ ಹಾಕಿಕೋ. ಒಬ್ಬನೇ ಇದ್ದು ಇದ್ದು ತಲೆ ತಿರುಗಿತ್ತು. ನಿನ್ನನ್ನು ಹಾಗೆ ಅಂದದ್ದಕ್ಕೆ ನನಗೆ ಇವತ್ತಿಗೂ ಸಂಕಟ ಇದೆ.

ನನ್ನ ಬುರುಡೆಗಳನ್ನೆಲ್ಲ ಲೆಕ್ಕದಿಂದ ಹೊಡೆದುಹಾಕಿದೆಯಾ? ಹಾಕು. ಇಲ್ಲದಿದ್ದರೆ ದೊಡ್ಡವರು ಆ ಪಾಪದ ಸಮುದ್ರದ ಮೇಲೆ ಕುಡುಕ ಎಂದು ಬರೆದುಬಿಡುತ್ತಾರೆ. ಅದು ಏನೂ ಮಾಡಿಲ್ಲ.

ಅಕ್ಷರ ನೋಡು, ಸಾಸಿವೆ.

ಅಣ್ಣ


ಪ್ರಯೋಗಾಲಯ
ಏಪ್ರಿಲ್ 27

ಅಣ್ಣಾ,

ಅಕ್ಷರ ನೋಡಿದೆ. ಭೂತಗನ್ನಡಿ ಹಿಡಿದು ಓದಬೇಕಾಯಿತು. ಇಷ್ಟು ಸಣ್ಣದು ಬೇಡ.

ನಾನೂ ಒಂದು ಮುಚ್ಚಿಟ್ಟಿದ್ದೆ. ಮಾರ್ಚ್ ಇಪ್ಪತ್ತೇಳಕ್ಕೆ ದೊಡ್ಡವರು ಎಲ್ಲರ ಮುಂದೆ ನನ್ನ ಬೀರು ತೆಗೆಸಿ ನೋಡಿದರು. ಶುದ್ಧ ಅಸಿಟೋನ್ ಇರುವುದು ಪ್ರಯೋಗಾಲಯದಲ್ಲಿ ಮಾತ್ರ, ಅಣ್ಣನಿಗೆ ಕಳಿಸುತ್ತಿರುವವಳು ತಂಗಿ ಎಂಬುದು ಅವರ ಅನುಮಾನ. ಏನೂ ಸಿಗಲಿಲ್ಲ. ಮರುದಿನ ನಿನಗೆ ಆ ಗಡಸು ಪತ್ರ ಬರೆದೆ. ನನ್ನ ಅವಮಾನವನ್ನೆಲ್ಲ ನಿನ್ನ ಮೇಲೆ ತೀರಿಸಿಕೊಂಡೆ. ಅದನ್ನು ಆಸ್ಪತ್ರೆಯ ಕುರ್ಚಿಯಲ್ಲಿ ಕೂತು ಹೇಳಲು ನನಗೂ ಬಾಯಿ ಬರಲಿಲ್ಲ. ಈಗ ದೊಡ್ಡವರೇ ದಿನಕ್ಕೆರಡು ಸಲ ನನ್ನ ಮೇಜಿನ ಹತ್ತಿರ ಬಂದು, “ಅಣ್ಣ ಹೇಗಿದಾರೆ?” ಎನ್ನುತ್ತಾರೆ. ಚೆನ್ನಾಗಿದ್ದಾನೆ ಎಂದರೂ ಹೋಗುವುದಿಲ್ಲ.

ದ್ವೀಪಕ್ಕೆ ಮತ್ತೆ ನಿನ್ನನ್ನು ಕಳಿಸುವುದಿಲ್ಲ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಆ ಬೀಗದ ಕೈ ದೋಣಿಯವನು ತಂದುಕೊಟ್ಟ. ನನ್ನ ಕೈಚೀಲದಲ್ಲಿದೆ. ಅಲ್ಲಿ ಹೊಸ ಬೀಗ ಹಾಕಿಸಿದ್ದಾರೆ, ಇದು ಈಗ ಯಾವ ಬಾಗಿಲಿಗೂ ಆಗುವುದಿಲ್ಲ. ಆದರೂ ನಿನಗೇ ಕೊಡುತ್ತೇನೆ.

ನಿನ್ನ ಸಮುದ್ರದ ಮರ್ಯಾದೆ ಉಳಿಯಿತು. ಕೆಟ್ಟ ಬುರುಡೆಗಳನ್ನು ಬಿಟ್ಟು ನೋಡಿದರೆ ಅದು ಎಲ್ಲ ಸಮುದ್ರಗಳ ಹಾಗೆ ಒಂದಿಷ್ಟು ಕೊಡುತ್ತದೆ, ಒಂದಿಷ್ಟು ತೆಗೆದುಕೊಳ್ಳುತ್ತದೆ. ಲೇಖನವಾಗುವಂಥದ್ದು ಏನೂ ಇಲ್ಲ.

ಹದಿಮೂರರಿಂದ ನಲವತ್ತೆರಡರವರೆಗೆ ಪ್ರತಿ ಸಾಲಿನ ಷರಾದಲ್ಲಿ ಕೆಂಪು ಶಾಯಿಯಿಂದ ನಾನೇ ‘ಉಸಿರಿದೆ’ ಎಂದು ಬರೆದೆ. ಮೂವತ್ತು ಸಲ. ಒಂಬತ್ತು ವರ್ಷದಿಂದ ಯಾರ ಯಾರದೋ ಬುರುಡೆಗೆ ಆ ಪದ ಬರೆದು ತಳ್ಳಿಹಾಕಿದ್ದೇನೆ, ಒಮ್ಮೆಯೂ ಅದನ್ನು ಓದಿರಲಿಲ್ಲ.

ನಲವತ್ತಮೂರನೆಯ ಸಾಲಿಗೆ ಮಾತ್ರ ನಾನು ಬರೆದಿಲ್ಲ. ಮಾರ್ಚ್ 31ರ ಸಂಜೆ ಆರೂವರೆಗೆ ವಯರ್‌ಲೆಸ್ಸಿನವರು ಓಡಿ ಬಂದು ಒಂದು ಚೀಟಿ ಕೊಟ್ಟರು. ದ್ವೀಪದಿಂದ ವೈದ್ಯರು ಕಳಿಸಿದ್ದು. ಪೆನ್ಸಿಲಿನಲ್ಲಿ ಗೀಚಿದ್ದು ಒಂದೇ ಪದ, ಉಸಿರಿದೆ. ಆ ಚೀಟಿಯನ್ನೇ ಅಲ್ಲಿ ಅಂಟಿಸಿದ್ದೇನೆ.

ನಿನ್ನ ತಂಗಿ